ಒಂದು ವೀರಗಲ್ಲು, ಆರು ತಿಂಗಳು: ಪ್ರಾಥಮಿಕ ಶಾಲೆ ಮಕ್ಕಳ ಜೊತೆ ಊರಿನ ಪರಂಪರೆ ದಾಖಲಿಸುವುದು ಹೇಗೆ

ನಾನು ಮಕ್ಕಳ ಜೊತೆ ಮಾಡಿದ ಮೊದಲ ‘ಪರಂಪರೆ ಕಾರ್ಯಕ್ರಮ’ದಲ್ಲಿ ಒಂದು ಕಲ್ಲು ಹಾಳಾಯಿತು. ಮೂವತ್ತು ಮಕ್ಕಳು, ಎರಡು ಬಕೆಟ್ ನೀರು, ಸೋಪಿನ ಪುಡಿ, ಒಂದು ತಂತಿ ಬ್ರಶ್. ಊರ ಹೊರಗಿನ ವೀರಗಲ್ಲನ್ನು, ಅಂದರೆ ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕೆತ್ತನೆಯ ಕಲ್ಲನ್ನು, ತಿಕ್ಕಿ ತಿಕ್ಕಿ ತೊಳೆದೆವು. ಮಧ್ಯಾಹ್ನದ ಹೊತ್ತಿಗೆ ಲಕಲಕ ಅಂತಿತ್ತು. ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದೆವು, ಎಲ್ಲರೂ ಶಭಾಷ್ ಅಂದರು. ಕೆಲವು ತಿಂಗಳ ಮೇಲೆ ಶಾಸನ ಓದುವ ಹಿರಿಯರೊಬ್ಬರು ಬಂದರು. ಕಲ್ಲಿನ ಮೇಲೆ ಬೆರಳಾಡಿಸಿ, ‘ಇಲ್ಲಿ ಎರಡು ಸಾಲು ಅಕ್ಷರ ಇತ್ತಲ್ಲ ಮೇಷ್ಟ್ರೇ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಂದಿನಿಂದ ನಮ್ಮ ಶಾಲೆಯಲ್ಲಿ ತೊಳೆಯುವ ಕೆಲಸ ಇಲ್ಲ. ಮಕ್ಕಳು ನೋಡುತ್ತಾರೆ, ಅಳೆಯುತ್ತಾರೆ, ಕೇಳುತ್ತಾರೆ, ಬರೆಯುತ್ತಾರೆ. ಬರೆದದ್ದನ್ನು ಊರಿಗೆ ಒಪ್ಪಿಸುತ್ತಾರೆ. ಅಷ್ಟೇ. ಅದನ್ನು ಹೇಗೆ ಮಾಡುತ್ತೇವೆ ಅಂತ ಇಲ್ಲಿ ಬರೆದಿದ್ದೇನೆ. ನಾಲ್ಕರಿಂದ ಏಳನೇ ತರಗತಿ ಮಕ್ಕಳಿಗೆ ಇದು ಸರಿಹೋಗುತ್ತದೆ.

ವೀರಗಲ್ಲೇ ಯಾಕೆ

ಪರಂಪರೆ ಅಂದ ಕೂಡಲೇ ಮೇಷ್ಟ್ರುಗಳಿಗೆ ಬೇಲೂರು, ಹಂಪಿ, ಬಾದಾಮಿ ನೆನಪಾಗುತ್ತವೆ. ಅವಕ್ಕೆ ಬಸ್ಸು ಬೇಕು, ದುಡ್ಡು ಬೇಕು. ಅಲ್ಲಿ ಮಕ್ಕಳು ಹೊಸದಾಗಿ ಕಂಡುಹಿಡಿಯುವುದೂ ಕಡಿಮೆ, ಎಲ್ಲವನ್ನೂ ಗೈಡೇ ಹೇಳಿಬಿಡುತ್ತಾನೆ. ಊರ ಬಾಗಿಲಲ್ಲೋ ಕೆರೆ ಏರಿ ಮೇಲೋ ನಿಂತ ವೀರಗಲ್ಲಿಗೆ ಗೈಡ್ ಇಲ್ಲ. ಅದರ ಬಗ್ಗೆ ಮೇಷ್ಟ್ರಿಗೂ ಗೊತ್ತಿರುವುದಿಲ್ಲ. ಮಕ್ಕಳಿಗೆ ಇದು ಭಾರೀ ಖುಷಿ ಕೊಡುತ್ತದೆ. ಜೊತೆಗೆ ವೀರಗಲ್ಲಿನಲ್ಲಿ ಕಥೆ ಚಿತ್ರದಲ್ಲೇ ಇದೆ. ಓದಲು ತಡವರಿಸುವ ಮಗುವೂ ಅದನ್ನು ‘ಓದಬಹುದು’.

ನಿಮ್ಮೂರಲ್ಲಿ ವೀರಗಲ್ಲು ಇಲ್ಲದಿದ್ದರೆ ಕಲ್ಯಾಣಿ, ಕೆರೆಯ ತೂಬು, ಗಡಿಕಲ್ಲು, ಹಳೆಯ ಅರಳಿಕಟ್ಟೆ ಯಾವುದಾದರೂ ಆದೀತು. ಆದರೆ ಒಂದನ್ನೇ ಹಿಡಿಯಿರಿ. ‘ನಮ್ಮೂರಿನ ಎಲ್ಲಾ ಸ್ಮಾರಕಗಳು’ ಅಂತ ಹೊರಟರೆ ಕೊನೆಗೆ ಒಂದು ಚಾರ್ಟು, ಮೇಲೆ ಮಿಂಚುಪುಡಿ, ಇಷ್ಟೇ ಉಳಿಯುವುದು.

ಜೂನ್: ಮೊದಲು ನೀವೊಬ್ಬರೇ ಸುತ್ತಿ ಬನ್ನಿ

ಶಾಲೆ ಶುರುವಾದ ಮೊದಲ ವಾರಗಳಲ್ಲಿ ಒಂದು ಸಂಜೆ ಊರು ಸುತ್ತಿ. ಹನುಮಂತರಾಯನ ಗುಡಿಯ ಹಿಂದೆ, ಈಶ್ವರನ ಗುಡಿಯ ಅಂಗಳ, ಕೆರೆಯ ಕೋಡಿ, ಹಳೇ ಊರು ಇದ್ದ ಜಾಗ, ಹೊಲದ ಬದು ಎಲ್ಲಾ ನೋಡಿ. ‘ವೀರಗಲ್ಲು ಎಲ್ಲಿದೆ?’ ಅಂತ ಕೇಳಿದರೆ ‘ಇಲ್ಲ’ ಅನ್ನುವವರೇ ಜಾಸ್ತಿ. ಜನರ ಬಾಯಲ್ಲಿ ಅದು ಬೀರಗಲ್ಲು, ಬೀರೇದೇವ್ರು, ಮಾಸ್ತಮ್ಮ, ಬರೀ ‘ಕಲ್ಲುದೇವ್ರು’. ‘ಗೊಂಬೆ ಕೆತ್ತಿರೋ ಕಲ್ಲು ಎಲ್ಲಾದ್ರೂ ಇದ್ಯಾ?’ ಅಂತ ಕೇಳಿ ನೋಡಿ. ದನ ಕಾಯುವವರಿಗೆ ಗೊತ್ತಿರುತ್ತದೆ. ಒಮ್ಮೊಮ್ಮೆ ಅದು ಬಟ್ಟೆ ಒಗೆಯುವ ಕಲ್ಲಾಗಿಯೋ ಚರಂಡಿಯ ಹಾಸುಗಲ್ಲಾಗಿಯೋ ಮಲಗಿರುತ್ತದೆ.

ಸಿಕ್ಕಿದ್ದರಲ್ಲಿ ಒಂದನ್ನು ಆರಿಸಲು ನಾನು ನೋಡುವುದು ಮೂರೇ. ಶಾಲೆಯಿಂದ ನಡೆದು ಹೋಗಬಹುದಾ? ದಾರಿಯಲ್ಲಿ ಹೆದ್ದಾರಿ, ತೆರೆದ ಬಾವಿ ಇಲ್ಲ ತಾನೇ? ಎಲ್ಲಾ ಬೀದಿಯ ಮಕ್ಕಳೂ ಅದರ ಹತ್ತಿರ ಹೋಗಿ ನಿಲ್ಲಬಹುದಾ? ಮೂರನೆಯದನ್ನು ಮರೆಯಬೇಡಿ. ಕಲ್ಲು ಗುಡಿಯ ಒಳಗಿದ್ದು, ಕೆಲವು ಮಕ್ಕಳು ಬಾಗಿಲ ಹೊರಗೇ ನಿಲ್ಲಬೇಕಾಗುತ್ತದೆ ಅಂತ ಅನ್ನಿಸಿದರೆ ಆ ಕಲ್ಲು ಬೇಡ. ಎಷ್ಟೇ ಚೆನ್ನಾಗಿರಲಿ, ಬೇರೆ ಹುಡುಕಿ.

ಯಾರನ್ನು ಕೇಳಬೇಕು

ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ಪೋಷಕರ ಒಪ್ಪಿಗೆ ಪತ್ರ. ಇವು ಮಾಮೂಲು. ಜನ ಮರೆಯುವುದು ಜಮೀನಿನ ಮಾಲೀಕರನ್ನು. ಹೊಲದಲ್ಲಿ ಬೆಳೆ ಇರುತ್ತದೆ, ಮೂವತ್ತು ಜೊತೆ ಕಾಲು ತುಳಿದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ? ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ಸರ್ಕಾರದ ‘ದಿಶಾಂಕ್’ ಆ್ಯಪ್ ತೆರೆದು ಜಾಗದಲ್ಲೇ ನಿಂತು ನೋಡಿ, ತೋರಿಸುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಮುಂದೆಯೂ ಬೇಕು.

ಕಲ್ಲಿನ ಪಕ್ಕ ಪುರಾತತ್ವ ಇಲಾಖೆಯ ನೀಲಿ ಬೋರ್ಡು ಇದ್ದರೆ ಅದು ಸಂರಕ್ಷಿತ ಸ್ಮಾರಕ. ಕೇಂದ್ರದ ರಕ್ಷಣೆಯಲ್ಲಿದ್ದರೆ 1958ರ ಕಾಯ್ದೆ, ರಾಜ್ಯದ್ದಾದರೆ 1961ರ ಕಾಯ್ದೆ. ಅಂಥ ಕಡೆ ನೋಡಿ ಬರೆದುಕೊಳ್ಳಲು ಅಡ್ಡಿಯಿಲ್ಲ, ಆದರೆ ಗುದ್ದಲಿ, ಸಿಮೆಂಟು ಹಿಡಿದು ಹೋಗುವಂತಿಲ್ಲ. ಬೋರ್ಡು ಇಲ್ಲದ ಕಡೆಯೂ ಹಿಡಿದು ಹೋಗಬೇಡಿ ಅನ್ನುವವನು ನಾನು.

ಇನ್ನೊಂದು ಮಾತನ್ನು ಊರವರಿಗೆ ಮೊದಲೇ ಹೇಳಿಬಿಡಿ: ‘ನಾವು ಅಗೆಯೋಕೆ ಬರ್ತಿಲ್ಲ.’ ಕಲ್ಲಿನ ಕೆಳಗೆ ನಿಧಿ ಇದೆ ಅನ್ನುವ ಗುಮಾನಿ ಎಲ್ಲಾ ಊರಲ್ಲೂ ಇದೆ. ಆ ಆಸೆಗೆ ಎಷ್ಟೋ ಕಲ್ಲುಗಳು ಉರುಳಿವೆ. ಅಕಸ್ಮಾತ್ ಮಕ್ಕಳಿಗೆ ಹಳೆಯ ನಾಣ್ಯವೋ ಪಾತ್ರೆಯೋ ಸಿಕ್ಕರೆ ಜೇಬಿಗಿಳಿಸದೆ ತೋರಿಸಬೇಕು, ನೀವು ತಹಶೀಲ್ದಾರರಿಗೆ ತಿಳಿಸಬೇಕು. ಕರ್ನಾಟಕದಲ್ಲಿ ಇದಕ್ಕಂತಲೇ 1962ರ ನಿಧಿ ಕಾಯ್ದೆ ಇದೆ.

ಜುಲೈ: ಕ್ಲಾಸಿನಲ್ಲೇ ಕಲ್ಲು ಓದುವುದನ್ನು ಕಲಿಸಿ

ಹೊರಗೆ ಕರೆದುಕೊಂಡು ಹೋಗುವ ಮೊದಲು ಎರಡು ಮೂರು ಪಿರಿಯಡ್ ಇದಕ್ಕೆ ಕೊಡಿ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಇದೊಂದು ಗೊತ್ತಾದರೆ ಅರ್ಧ ಕೆಲಸ ಆದಂತೆ.

ಸಾಮಾನ್ಯವಾಗಿ ಮೂರು ಪಟ್ಟಿಕೆ ಇರುತ್ತವೆ. ಕೆಳಗಿನದರಲ್ಲಿ ಕಾಳಗ. ಬಿಲ್ಲು, ಕತ್ತಿ, ಗುರಾಣಿ, ಕೆಲವೊಮ್ಮೆ ಕುದುರೆ. ದನಗಳು ಕಂಡರೆ ಅದು ತುರುಗೊಳ್ ಇರಬಹುದು. ಅಂದರೆ ಊರ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರ ಜೊತೆ ಹೋರಾಡಿ ಸತ್ತವನ ಕಲ್ಲು. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಎರಡೂ ಕಡೆ ಹಿಡಿದು ಸ್ವರ್ಗಕ್ಕೆ ಕರೆದೊಯ್ಯುತ್ತಿರುತ್ತಾರೆ. ಮೇಲಿನದರಲ್ಲಿ ಅವನು ಕೈಮುಗಿದು ಕೂತಿದ್ದಾನೆ, ಎದುರಿಗೆ ಹೆಚ್ಚಾಗಿ ಶಿವಲಿಂಗ, ಪಕ್ಕದಲ್ಲಿ ಪೂಜಾರಿ. ತುತ್ತತುದಿಯಲ್ಲಿ ಸೂರ್ಯ ಚಂದ್ರ. ಅವೆರಡೂ ಇರುವವರೆಗೆ ಇವನ ಹೆಸರು ಇರಲಿ ಅಂತ.

ನಾನು ಇದನ್ನು ಬೋರ್ಡಿನ ಮೇಲೆ ಬರೆದು ಹೇಳಿಕೊಡುವುದಿಲ್ಲ. ಮೂರು ಚಿತ್ರ ಬಿಡಿಸಿ, ಕತ್ತರಿಸಿ, ಕಲಸಿ ಕೊಡುತ್ತೇನೆ. ‘ಜೋಡಿಸಿ ಕಥೆ ಹೇಳಿ’ ಅನ್ನುತ್ತೇನೆ. ಬಹುತೇಕ ಮಕ್ಕಳು ಮೇಲಿನಿಂದ ಶುರು ಮಾಡಿ, ಸ್ವರ್ಗದಿಂದ ಯುದ್ಧಕ್ಕೆ ಇಳಿಯುತ್ತಾರೆ. ಆಮೇಲೆ ಯಾರೋ ಒಬ್ಬಳು ‘ಸಾರ್, ಉಲ್ಟಾ!’ ಅಂತ ಕೂಗುತ್ತಾಳೆ. ಆ ಕೂಗು ಬರುವವರೆಗೆ ಕಾಯುವುದು ನನ್ನ ಕೆಲಸ.

ಆಮೇಲೆ ಒಂದು ನಾಯಿಯ ಕಥೆ ಹೇಳಿ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸುಮಾರು 949-50ರ ಒಂದು ಕಲ್ಲಿತ್ತು. ಗಂಗರ ಇಮ್ಮಡಿ ಬೂತುಗನ ಕಡೆಯ ವೀರ ಮಣಲೇರ. ಚೋಳರ ಮೇಲಿನ ತಕ್ಕೋಲದ ಯುದ್ಧದಲ್ಲಿ ಅವನು ಚೆನ್ನಾಗಿ ಹೋರಾಡಿದ. ರಾಜ ‘ಏನು ಬೇಕು ಕೇಳು’ ಅಂದಾಗ ಅವನು ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಚ್ಚಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಪೂಜೆಗೆ ಭೂಮಿಯನ್ನೂ ಬಿಟ್ಟರು. ಆ ಭೂಮಿ ನೋಡಿಕೊಳ್ಳುವವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಅಂತಲೂ ಬರೆಸಿದರು. ನಾಯಿ, ಹಂದಿ ಎರಡೂ ಕಲ್ಲಿನ ಮೇಲಿವೆ. ಈಗ ಅದು ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯದಲ್ಲಿದೆ. ಈ ಕಥೆ ಕೇಳಿದ ಮೇಲೆ ‘ಇತಿಹಾಸ ಅಂದ್ರೆ ರಾಜರ ಇಸವಿ’ ಅನ್ನುವ ಮಾತನ್ನು ನನ್ನ ಕ್ಲಾಸಿನಲ್ಲಿ ಯಾರೂ ಹೇಳಿಲ್ಲ.

ಕಲ್ಲಿನ ಹತ್ತಿರ ಮೊದಲ ದಿನ

ಶನಿವಾರ ಬೆಳಗ್ಗೆ ಹೋಗಿ. ಒಂದು ತಾಸು ಸಾಕು. ಇಪ್ಪತ್ತು ಮಕ್ಕಳಿಗೆ ಕನಿಷ್ಠ ಇಬ್ಬರು ದೊಡ್ಡವರು. ಮಳೆಗಾಲದಲ್ಲಿ ಹುಲ್ಲು ಬೆಳೆದಿರುತ್ತದೆ, ಕಲ್ಲಿನ ಬುಡ ಹಾವಿಗೆ ಇಷ್ಟದ ಜಾಗ. ಹಿಂದಿನ ದಿನವೇ ಯಾರಾದರೂ ದೊಡ್ಡವರು ಕೋಲು ಬಡಿದು, ಹುಲ್ಲು ಸವರಿ ಬರಲಿ. ಕಣಜದ ಗೂಡು ಇದೆಯಾ ಅಂತ ಹಿಂದುಗಡೆ, ಮರದ ಮೇಲೆ ನೋಡಲಿ. ಕೆರೆಯ ಪಕ್ಕವಾದರೆ ನೀರಿನ ಕಡೆ ಒಬ್ಬರು ದೊಡ್ಡವರು ಬೆನ್ನು ತಿರುಗಿಸದೆ ನಿಂತಿರಬೇಕು. ಫೋಟೋ ತೆಗೆಯುವ ಕೆಲಸ ಅವರಿಗೆ ಕೊಡಬೇಡಿ.

ಬೇಕಾಗುವ ಸಾಮಾನು ಇಷ್ಟು: ಟೈಲರ್ ಟೇಪು ಎರಡು, ಮೂವತ್ತು ಸೆಂಟಿಮೀಟರ್ ಸ್ಕೇಲು, ಚೌಕಳಿ ಹಾಳೆ, ಪೆನ್ಸಿಲ್, ರಟ್ಟು, ಒಣ ಮೆತ್ತನೆ ಬ್ರಶ್, ಗೋಡೆಗೆ ನೇತುಹಾಕುವ ಸಣ್ಣ ಕನ್ನಡಿ, ಒಂದು ಫೋನು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ನೀರು. ಕನ್ನಡಿ ಯಾಕೆ ಅಂತ ಮುಂದೆ ಹೇಳುತ್ತೇನೆ.

ಮಕ್ಕಳನ್ನು ನಾಲ್ಕು ಗುಂಪು ಮಾಡಿ. ಅಳೆಯುವವರು, ಚಿತ್ರ ಬಿಡಿಸುವವರು, ಸುತ್ತಮುತ್ತಲಿನ ನಕ್ಷೆ ಮಾಡುವವರು, ಎಣಿಸುವವರು. ಎಣಿಸುವವರು ಅಂದರೆ ಎಷ್ಟು ಜನ, ಎಷ್ಟು ಪ್ರಾಣಿ, ಯಾರ ಕೈಯಲ್ಲಿ ಏನಿದೆ ಅಂತ ಪಟ್ಟಿ ಮಾಡುವವರು. ಈ ಗುಂಪಿಗೆ ಗಲಾಟೆ ಮಕ್ಕಳನ್ನು ಹಾಕಿ. ಅವರ ಕಣ್ಣು ಚುರುಕು.

ಅಳತೆ ಮೊದಲು ಗೇಣಿನಲ್ಲಿ ಆಗಲಿ. ಒಬ್ಬನಿಗೆ ಎಂಟು ಗೇಣು, ಇನ್ನೊಬ್ಬಳಿಗೆ ಒಂಬತ್ತು ಬರುತ್ತದೆ. ಯಾರದು ಸರಿ ಅಂತ ಜಗಳ ಶುರುವಾದಾಗ ಟೇಪು ಕೊಡಿ. ಕಲ್ಲು ನೂರೈವತ್ತು ಸೆಂಟಿಮೀಟರ್ ಎತ್ತರ, ಎಂಬತ್ತು ಅಗಲ ಇದ್ದರೆ ಚೌಕಳಿ ಹಾಳೆಯಲ್ಲಿ ಹದಿನೈದಕ್ಕೆ ಎಂಟು. ಹತ್ತಕ್ಕೆ ಒಂದರಂತೆ. ಅನುಪಾತದ ಪಾಠ ಅಲ್ಲೇ ಮುಗಿಯುತ್ತದೆ. ನೆಲದ ಮೇಲಿರುವ ಎತ್ತರ ಮಾತ್ರ ಬರೆಯುತ್ತಿದ್ದೇವೆ ಅಂತ ಸೂಚಿಸಿ, ಬುಡ ಎಷ್ಟು ಹೂತಿದೆಯೋ ಯಾರಿಗೆ ಗೊತ್ತು. ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ, ಎಲ್ಲಿ ಒಡೆದಿದೆ, ಬಣ್ಣ ಬಳಿದಿದ್ದಾರಾ, ಎಣ್ಣೆ ಹಚ್ಚಿದ್ದಾರಾ ಇವೂ ಬೇಕು. ಫೋಟೋದಲ್ಲಿ ಕಲ್ಲಿಗೆ ಒರಗಿಸಿದ ಸ್ಕೇಲು ಕಾಣಬೇಕು.

ಈಗ ಕನ್ನಡಿ. ನಡುಮಧ್ಯಾಹ್ನದ ಬಿಸಿಲಲ್ಲಿ ಸವೆದ ಕೆತ್ತನೆ ಕಾಣುವುದಿಲ್ಲ, ಎಲ್ಲಾ ಚಪ್ಪಟೆ. ಬೆಳಕು ಪಕ್ಕದಿಂದ, ಕಲ್ಲನ್ನು ಸವರಿಕೊಂಡು ಬಿದ್ದರೆ ಗೀರುಗೀರೂ ನೆರಳು ಹಿಡಿಯುತ್ತದೆ. ಬೆಳಗ್ಗೆ ಬೇಗ ಅಥವಾ ಸಂಜೆ ಹೋದರೆ ಬಿಸಿಲೇ ಆ ಕೆಲಸ ಮಾಡುತ್ತದೆ. ಕಲ್ಲು ನೆರಳಲ್ಲಿದ್ದರೆ ಒಬ್ಬ ಹುಡುಗ ಬಿಸಿಲಲ್ಲಿ ನಿಂತು ಕನ್ನಡಿಯಿಂದ ಬೆಳಕನ್ನು ಓರೆಯಾಗಿ ಕಲ್ಲಿನ ಮೇಲೆ ಬಿಡಲಿ. ಖಾಲಿ ಅಂದುಕೊಂಡಿದ್ದ ಪಟ್ಟಿಯಲ್ಲಿ ಅಕ್ಷರ ಎದ್ದು ಬರುವುದನ್ನು ಮಕ್ಕಳು ಒಮ್ಮೆ ನೋಡಲಿ, ಆಮೇಲೆ ತಂತಿ ಬ್ರಶ್ ಕೇಳುವುದಿಲ್ಲ.

ಅಕ್ಷರಕ್ಕೆ ಸುಣ್ಣ, ಸೀಮೆಸುಣ್ಣ, ಮೈದಾ ತುಂಬುವ ಅಭ್ಯಾಸ ಕೆಲವರಿಗಿದೆ. ಬೇಡ. ನೀರು, ಸೋಪು, ಆ್ಯಸಿಡ್, ಹುಣಸೆಹುಳಿ ಯಾವುದೂ ಬೇಡ. ಮಣ್ಣು ಕೂತಿದ್ದರೆ ಒಣ ಬ್ರಶ್ಶಿನಲ್ಲಿ ಮೆಲ್ಲಗೆ ಸವರಿ, ಪಾಚಿ ಇದ್ದರೆ ಇರಲಿ ಬಿಡಿ. ಕಾಗದದ ಮೇಲೆ ಮಸಿಯಿಂದ ಅಚ್ಚು ತೆಗೆಯುವುದು ತಿಳಿದವರ ಕೆಲಸ, ನಮ್ಮದಲ್ಲ.

ಆಗಸ್ಟ್: ಅಜ್ಜಿ ತಾತಂದಿರ ಜಗಲಿಗೆ

ನನಗೆ ಇಡೀ ಯೋಜನೆಯಲ್ಲಿ ಇಷ್ಟವಾದದ್ದು ಇದು. ಮೂರು ಮೂರು ಮಕ್ಕಳು ಸೇರಿ ಒಂದೊಂದು ಮನೆಗೆ ಹೋಗಬೇಕು. ಒಬ್ಬಳು ಕೇಳುವವಳು, ಒಬ್ಬ ಬರೆಯುವವನು, ಇನ್ನೊಬ್ಬರು ಸುಮ್ನೆ ಕೇಳಿಸಿಕೊಳ್ಳುವವರು. ಎಲ್ಲಾ ಬೀದಿಗೂ ಹೋಗಬೇಕು. ಗೌಡರ ಮನೆಯಲ್ಲಿ ಕೇಳಿದ ಕಥೆ ಕಾಲೋನಿಯಲ್ಲಿ ಬೇರೆಯೇ ಇರುತ್ತದೆ.

‘ಈ ವೀರಗಲ್ಲಿನ ಇತಿಹಾಸ ಏನು?’ ಅಂತ ಕೇಳಿದರೆ ‘ನಂಗೇನ್ ಗೊತ್ತು ಮಗ, ಓದಿದೋರ್ನ ಕೇಳು’ ಅನ್ನುತ್ತಾರೆ. ಮಾತು ಮುಗಿಯಿತು. ಬದಲು, ‘ಅಜ್ಜಿ, ನೀನು ಮದ್ವೆಯಾಗಿ ಬಂದಾಗ ಆ ಕಲ್ಲು ಅಲ್ಲೇ ಇತ್ತಾ?’ ‘ಅದಕ್ಕೆ ಯಾರು ಪೂಜೆ ಮಾಡ್ತಿದ್ರು? ಯಾವತ್ತು?’ ‘ಏನು ಎಡೆ ಇಡ್ತಿದ್ರು?’ ‘ಆ ಹೊಲಕ್ಕೆ ಏನಂತಾರೆ?’ ಅಂತ ಕೇಳಲಿ. ಕೊನೆಯ ಪ್ರಶ್ನೆಗೆ ಬಂಗಾರದಂಥ ಉತ್ತರ ಬರುತ್ತದೆ. ಪಹಣಿಯಲ್ಲಿಲ್ಲದ ಹೊಲದ ಹೆಸರುಗಳು ಅಜ್ಜಿಯರ ಬಾಯಲ್ಲಿ ಇನ್ನೂ ಇವೆ.

ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು. ‘ಬೀರೇದ್ಯಾವ್ರು’ ಅಂದರೆ ‘ಬೀರೇದ್ಯಾವ್ರು’, ತಿದ್ದುವಂತಿಲ್ಲ. ಎರಡು ಮನೆಯಲ್ಲಿ ಎರಡು ಕಥೆ ಬಂದರೆ ಎರಡೂ ಇರಲಿ. ಯಾರು ಹೇಳಿದರು ಅನ್ನುವುದಕ್ಕೆ ಅವರ ಒಪ್ಪಿಗೆ ಕೇಳಿಯೇ ಹೆಸರು ಹಾಕಿ.

ಕಷ್ಟದ ಪ್ರಶ್ನೆ ಬಂದಾಗ

ಕಲ್ಲಿನ ಮೇಲೆ ಕಂಬದಿಂದ ಚಾಚಿದ ಒಂದು ಕೈ, ಅದರ ತುಂಬಾ ಬಳೆ ಕಂಡರೆ ಅದು ಮಾಸ್ತಿಗಲ್ಲು. ಗಂಡ ಸತ್ತಾಗ ಹೆಂಡತಿ ಬೆಂಕಿಗೆ ಬಿದ್ದ ಗುರುತು. ಮಕ್ಕಳು ಕೇಳಿಯೇ ಕೇಳುತ್ತಾರೆ. ಮಾತು ಮರೆಸಬೇಡಿ, ಹೊಗಳಲೂಬೇಡಿ. ‘ಆಗ ಹೀಗೆ ನಡೆಯುತ್ತಿತ್ತು. ಇದು ತಪ್ಪು. ಈಗ ಅದನ್ನು ಕೊಂಡಾಡುವುದೂ ಅಪರಾಧ, 1987ರಲ್ಲಿ ಕಾನೂನೇ ಆಗಿದೆ’ ಅಂತ ನೇರ ಹೇಳುತ್ತೇನೆ. ಒಮ್ಮೆ ಆರನೇ ಕ್ಲಾಸಿನ ಹುಡುಗಿಯೊಬ್ಬಳು, ‘ಆ ಅಕ್ಕನ ಹೆಸರು ಯಾಕೆ ಬರೆದಿಲ್ಲ ಸಾರ್?’ ಅಂದಳು. ಆ ಪ್ರಶ್ನೆಯನ್ನು ಹಾಗೇ ನಮ್ಮ ಪುಸ್ತಕದಲ್ಲಿ ಹಾಕಿದೆವು, ಉತ್ತರ ಬರೆಯಲು ಹೋಗಲಿಲ್ಲ.

ಸೆಪ್ಟೆಂಬರ್: ಅಕ್ಷರ ಇದ್ದರೆ

ಅಕ್ಷರ ಇದ್ದ ಕಲ್ಲು ನಿಮ್ಮ ಪುಣ್ಯ. ಓದಲು ಹೋಗಿ ಊಹೆ ಮಾಡಬೇಡಿ, ಹಳಗನ್ನಡದ ಲಿಪಿ ಇವತ್ತಿನದಲ್ಲ. ಮಕ್ಕಳಿಗೆ ಒಂದು ಆಟ ಕೊಡಬಹುದು: ಎಷ್ಟೋ ಶಾಸನಗಳು ‘ಸ್ವಸ್ತಿ’ ಅಂತ ಶುರುವಾಗುತ್ತವೆ, ಆ ಎರಡಕ್ಷರ ಹುಡುಕಿ. ವೀರಗಲ್ಲುಗಳಲ್ಲಿ ‘ಕಾದಿ ಸತ್ತ’ (ಹೋರಾಡಿ ಸತ್ತ) ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ.

ಈ ಕಲ್ಲನ್ನು ಯಾರಾದರೂ ಮೊದಲೇ ಓದಿದ್ದಾರಾ ಅಂತ ನೋಡುವುದು ಮುಂದಿನ ಹೆಜ್ಜೆ. ಶಾಸನತಜ್ಞ ಬಿ. ಎಲ್. ರೈಸ್ 1886ರಿಂದ ತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಹಳೇ ಮೈಸೂರಿನ ಸಾವಿರಾರು ಶಾಸನಗಳು ತಾಲ್ಲೂಕುವಾರು ಇವೆ. ಹುಡುಕುವಾಗ ಒಂದು ಎಡವಟ್ಟು ಆಗುತ್ತದೆ: ಜಿಲ್ಲೆಗಳು ಆಗ ಹೀಗಿರಲಿಲ್ಲ. ಮಂಡ್ಯ ಜಿಲ್ಲೆ ಆಗಿದ್ದೇ 1939ರಲ್ಲಿ, ಅದಕ್ಕೆ ಮೊದಲಿನ ಸಂಪುಟದಲ್ಲಿ ಅದನ್ನು ಮೈಸೂರು ಜಿಲ್ಲೆಯಲ್ಲಿ ನೋಡಬೇಕು. ಚಾಮರಾಜನಗರವೂ ಹಾಗೇ, ಅದು ಬೇರೆಯಾದದ್ದು 1997ರಲ್ಲಿ. ರಾಮನಗರ, ಚಿಕ್ಕಬಳ್ಳಾಪುರ ಜಿಲ್ಲೆಗಳಾದದ್ದು 2007ರಲ್ಲಿ.

ಸಿಗದಿದ್ದರೆ ಫೋಟೋಗಳನ್ನು ಹತ್ತಿರದ ಕಾಲೇಜಿನ ಇತಿಹಾಸ ಅಥವಾ ಕನ್ನಡ ವಿಭಾಗಕ್ಕೋ ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೋ ಕಳಿಸಿ. ಬೆಂಗಳೂರು ಸುತ್ತಮುತ್ತಲಿನವರಾದರೆ ಮಿಥಿಕ್ ಸೊಸೈಟಿ ಅನ್ನುವ ಇತಿಹಾಸ ಸಂಶೋಧನೆಯ ಸಂಸ್ಥೆ ಇದೆ. ಅಲ್ಲಿನ ತಂಡ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿದೆ. ಕಾಗದವನ್ನು ಮಕ್ಕಳೇ ಬರೆಯಲಿ. ಪತ್ರಲೇಖನಕ್ಕೆ ಸುಳ್ಳು ವಿಳಾಸ ಬರೆದು ಸಾಕಾಗಿದೆ ಅವರಿಗೆ.

ನಗರದ ಶಾಲೆಯವರು ‘ನಮಗೆಲ್ಲಿ ವೀರಗಲ್ಲು’ ಅನ್ನಬೇಡಿ. ಬೆಂಗಳೂರಿನ ಹೆಬ್ಬಾಳದಲ್ಲಿ ಕಿತ್ತಯ್ಯ ಅನ್ನುವ ವೀರನ ಕಲ್ಲು ಸಿಕ್ಕಿದ್ದು 2018ರಲ್ಲಿ. ಸುಮಾರು 750ರದು, ಗಂಗರ ಶ್ರೀಪುರುಷನ ಕಾಲದ್ದು. ಬೇಗೂರಿನ ನಾಗೇಶ್ವರ ಗುಡಿಯಲ್ಲಿ ‘ಬೆಂಗಳೂರು’ ಹೆಸರಿರುವ, ಒಂಬತ್ತನೇ ಶತಮಾನದ ಕೊನೆಯ ಕಲ್ಲಿದೆ. ಮೆಟ್ರೋ ನಗರ ಆಗುವ ಮೊದಲು ಅದೂ ದನ, ಕೆರೆ, ಕಾಳಗದ ಊರೇ ಅಲ್ವಾ?

ನವೆಂಬರ್: ಊರಿಗೆ ಒಪ್ಪಿಸುವುದು

ವಿಶ್ವ ಪರಂಪರೆ ದಿನ ಏಪ್ರಿಲ್ 18ಕ್ಕೆ ಬರುತ್ತದೆ, ಆಗ ನಮ್ಮ ಮಕ್ಕಳು ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಯಲ್ಲಿರುತ್ತಾರೆ. ಹಾಗಾಗಿ ನಾವು ರಾಜ್ಯೋತ್ಸವವನ್ನೋ ನವೆಂಬರ್ 19ರಿಂದ 25ರವರೆಗಿನ ಪರಂಪರೆ ಸಪ್ತಾಹವನ್ನೋ ಹಿಡಿಯುತ್ತೇವೆ.

ಪ್ರದರ್ಶನ ಶಾಲೆಯಲ್ಲಿ ಬೇಡ, ಕಲ್ಲಿನ ಹತ್ತಿರವೇ ಇರಲಿ. ಮಕ್ಕಳು ಅಳತೆಯ ಚಿತ್ರ ಹಿಡಿದು, ಕೆಳಗಿನಿಂದ ಮೇಲಕ್ಕೆ ಕಥೆ ಹೇಳಲಿ. ಕಥೆ ಕೊಟ್ಟ ಅಜ್ಜಿಯರಿಗೆ ಮುಂದಿನ ಕುರ್ಚಿ. ಗಣ್ಯರ ಭಾಷಣ ಎಷ್ಟು ಕಮ್ಮಿಯೋ ಅಷ್ಟು ಒಳ್ಳೆಯದು. ಆ ದಿನ ಉತ್ಸಾಹದಲ್ಲಿ ಯಾರಾದರೂ ‘ಇದಕ್ಕೊಂದು ಟೈಲ್ಸ್ ಹಾಕಿದ ಗುಡಿ ಕಟ್ಟಿಸ್ತೀನಿ’, ‘ಜೆಸಿಬಿ ತಂದು ನೆಟ್ಟಗೆ ನಿಲ್ಲಿಸ್ತೀನಿ’ ಅನ್ನುತ್ತಾರೆ. ಕೈಮುಗಿದು, ‘ಇಲಾಖೆಯವರನ್ನು ಕೇಳಿ ಮಾಡೋಣ ಅಣ್ಣ’ ಅನ್ನಿ. ಕಲ್ಲಿಗೆ ಬೇಕಾಗಿರುವುದು ಬುಡದಲ್ಲಿ ನೀರು ನಿಲ್ಲದಿರುವುದು, ಟ್ರ್ಯಾಕ್ಟರ್ ತಾಗದಿರುವುದು, ಬಣ್ಣ ಬಳಿಯದಿರುವುದು.

ಇದನ್ನೇ ಮಕ್ಕಳು ಪಂಚಾಯ್ತಿಯಲ್ಲಿ ಕೇಳಬಹುದು. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ‘ನಮ್ಮ ಪರಂಪರೆ ಉಳಿಸಿ’ ಅಂತ ಕೂಗಿದರೆ ಚಪ್ಪಾಳೆ ಸಿಗುತ್ತದೆ, ಅಷ್ಟೇ. ‘ಕಲ್ಲಿನ ಪಕ್ಕದ ಚರಂಡಿ ನೀರು ಎರಡು ಅಡಿ ಆಚೆ ಹರಿಯುವ ಹಾಗೆ ಮಾಡಿ’ ಅಂತ ಅಳತೆ, ಫೋಟೋ ಸಮೇತ ಅರ್ಜಿ ಕೊಟ್ಟರೆ ಅದು ನಡವಳಿ ಪುಸ್ತಕಕ್ಕೆ ಹೋಗುತ್ತದೆ. ಅರ್ಜಿಯ ಒಂದು ಪ್ರತಿಗೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳುವುದನ್ನೂ ಕಲಿಸಿ. ದೊಡ್ಡವರಾದ ಮೇಲೆ ಎಲ್ಲರಿಗೂ ಬೇಕಾಗುವ ವಿದ್ಯೆ ಅದು.

ಅಂತರ್ಜಾಲಕ್ಕೆ ಹಾಕುವಾಗ ಎರಡು ಎಚ್ಚರ. ಮಕ್ಕಳ ಮುಖ, ಹೆಸರು ಒಟ್ಟಿಗೆ ಬೇಡ. ಒಂಟಿ ಜಾಗದಲ್ಲಿರುವ ಕಲ್ಲಾದರೆ ಜಿಪಿಎಸ್ ಗುರುತು, ಸರ್ವೆ ನಂಬರ್ ಹಾಕಬೇಡಿ, ನಿಧಿ ಹುಡುಕುವವರೂ ಫೋನು ನೋಡುತ್ತಾರೆ. ಅವೆರಡೂ ಪುಸ್ತಕದಲ್ಲಿ, ಇಲಾಖೆಗೆ ಕಳಿಸುವ ಪ್ರತಿಯಲ್ಲಿ ಇದ್ದರೆ ಸಾಕು.

ಪುಸ್ತಕ ಅಂದರೆ ನಮ್ಮದು ನೂರು ಪುಟದ ಗಟ್ಟಿ ರಟ್ಟಿನ ನೋಟ್‌ಬುಕ್ಕು. ಅಳತೆ, ಚಿತ್ರ, ಫೋಟೋ, ಅಜ್ಜಿಯರ ಮಾತು, ಹೊಲಗಳ ಹೆಸರು, ಕಳಿಸಿದ ಕಾಗದ, ಬಂದ ಉತ್ತರ ಎಲ್ಲಾ ಅದರಲ್ಲೇ. ಜೆರಾಕ್ಸ್ ಮಾಡಿಸಿ ಒಂದನ್ನು ಪಂಚಾಯ್ತಿ ಗ್ರಂಥಾಲಯಕ್ಕೆ, ಒಂದನ್ನು ಜಮೀನಿನ ಮಾಲೀಕರ ಮನೆಗೆ ಕೊಡುತ್ತೇವೆ. ಮೂಲ ಪ್ರತಿ ಶಾಲೆಯ ಬೀರುವಿನಲ್ಲಿ ಇರುತ್ತದೆ. ಪ್ರತಿ ಜೂನ್‌ನಲ್ಲಿ ಹೊಸ ಆರನೇ ಕ್ಲಾಸು ಅದನ್ನು ತೆಗೆದುಕೊಂಡು ಹೋಗಿ, ಹಳೆಯ ಫೋಟೋ ಪಕ್ಕ ಕಲ್ಲನ್ನು ನೋಡಿ, ಏನು ಬದಲಾಗಿದೆ ಅಂತ ಒಂದು ಪುಟ ಬರೆಯುತ್ತದೆ. ಹೋದ ವರ್ಷದ ಪುಟದಲ್ಲಿ ಹೀಗಿದೆ: ‘ಎಡಗಡೆ ಮೂಲೆಯಲ್ಲಿ ಹೊಸ ಬಿರುಕು, ಹನ್ನೊಂದು ಸೆಂಟಿಮೀಟರ್. ಯಾರೋ ಅರಿಶಿನ ಹಚ್ಚಿದ್ದಾರೆ. ಚರಂಡಿ ಇನ್ನೂ ಅಲ್ಲೇ ಇದೆ.’